ಖನಿಜವೇ ಅಲ್ಲದ ಕಲ್ಲು

(ಗದಗಿನಲ್ಲಿ ಪತ್ರಿಕೋದ್ಯಮ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಅಡ್ಡದಾರಿಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.)

ನಿಮ್ಮ ಪ್ರಾಧ್ಯಾಪಕರು ನನ್ನನ್ನು ಪರಿಚಯಿಸುತ್ತಾ "ಇವರು ಆಫ್ರಿಕಾದಲ್ಲಿ ಗಣಿಗಾರಿಕೆ ಕ್ಷೇತ್ರದಲ್ಲಿ ಕೆಲಸ ಮಾಡಿದವರು" ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಬೇಸರವಿಲ್ಲ, ಅಭ್ಯಾಸವಾಗಿದೆ. ನಮ್ಮ ಕಡೆ ಗಣಿ ಎಂದರೆ ಬಳ್ಳಾರಿ, ಬಳ್ಳಾರಿ ಎಂದರೆ ಕೆಂಪು ದೂಳು, ಲಾರಿಗಳ ಸಾಲು, 2011ರ ಲೋಕಾಯುಕ್ತ ವರದಿ. ನಾನು ಹೊರಡುವ ಮುಂಚೆ ಚಿಕ್ಕಪ್ಪನಿಗೆ ಫೋನ್ ಮಾಡಿ "ಗಣಿಗಾರಿಕೆಯ ಒಂದು ಕಾರ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ" ಎಂದರೆ, "ಬರುವಾಗ ಹೆಲಿಕಾಪ್ಟರ್‌ನಲ್ಲೇ ಬರುತ್ತೀಯೇನು?" ಎಂದು ಕೇಳಿದ್ದರು. ಬಂದದ್ದು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ, ಕಿಟಕಿಯ ಗಾಜು ಮುಚ್ಚದ ಸೀಟಿನಲ್ಲಿ.

ನಾನಿದ್ದದ್ದು ಉಗಾಂಡಾದ ರಾಜಧಾನಿ ಕಂಪಾಲಾದಲ್ಲಿ. 2019ರಲ್ಲಿ, ಆರು ತಿಂಗಳು. ಸಣ್ಣ ಪ್ರಮಾಣದ ಗಣಿಗಾರಿಕೆಗೆ ಸಂಬಂಧಿಸಿದ ಒಂದು ಅಂತರರಾಷ್ಟ್ರೀಯ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಸಂವಹನ ವಿಭಾಗದ ಇಂಟರ್ನ್. ಕಾರ್ಯಕ್ರಮದ ಹೆಸರು ಹೇಳುವುದಿಲ್ಲ. ಮುಂದೆ ಒಂದೆರಡು ದೂರುಗಳು ಬರಲಿವೆ, ಅವುಗಳಲ್ಲಿ ಅರ್ಧ ನನ್ನ ಮೇಲೆಯೇ. ಸಂಬಳವಿರಲಿಲ್ಲ. ಊಟಕ್ಕೂ ಓಡಾಟಕ್ಕೂ ಆಗುವಷ್ಟು ಭತ್ಯೆ, ಕುತ್ತಿಗೆಗೆ ಒಂದು ಗುರುತಿನ ಚೀಟಿ, ಕಿಟಕಿಯ ಪಕ್ಕದ ಮೇಜು. ಕೆಲಸವೇನು ಎಂದು ಕೇಳಿದರೆ, ಬೇರೆಯವರು ಮಾಡಿದ್ದನ್ನು ಇನ್ನೂ ಬೇರೆಯವರಿಗೆ ತಿಳಿಸುವುದು. ತಿಂಗಳ ವಾರ್ತಾಪತ್ರ, ಫೋಟೊಗಳಿಗೆ ಅಡಿಬರಹ, ಕಾರ್ಯಾಗಾರದ ಬ್ಯಾನರ್, ಭಾಗವಹಿಸಿದವರ ಕೊರಳಿಗೆ ಹಾಕುವ ಬಿಲ್ಲೆ, ಮತ್ತು ಎಲ್ಲದರ ಮೇಲೂ ದೇಣಿಗೆದಾರರ ಲಾಂಛನ. ಲಾಂಛನದ ಅಳತೆ, ಬಣ್ಣ, ಅದರ ಸುತ್ತ ಎಷ್ಟು ಖಾಲಿ ಜಾಗ ಬಿಡಬೇಕು ಎಂಬುದಕ್ಕೆಲ್ಲ ಕೈಪಿಡಿಯಿದೆ. ಮೊದಲ ತಿಂಗಳು ನಾನು ಕಲ್ಲಿಗಿಂತ ಹೆಚ್ಚಾಗಿ ಲಾಂಛನಗಳನ್ನೇ ನೋಡಿದೆ.

ಈಗ ವಿಷಯಕ್ಕೆ ಬರುತ್ತೇನೆ. ಗಣಿ ಎಂದರೆ ದೊಡ್ಡ ಯಂತ್ರ, ದೊಡ್ಡ ಕಂಪನಿ ಎಂದು ನಾವು ಅಂದುಕೊಂಡಿದ್ದೇವೆ. ಲೆಕ್ಕ ಬೇರೆಯದೇ ಹೇಳುತ್ತದೆ. 2017ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ, ಕೈಯಿಂದಲೋ ಸಣ್ಣಪುಟ್ಟ ಸಲಕರಣೆಗಳಿಂದಲೋ ಖನಿಜ ತೆಗೆದು ಬದುಕುವವರು ಜಗತ್ತಿನಲ್ಲಿ ನಾಲ್ಕು ಕೋಟಿಗೂ ಹೆಚ್ಚು. 1993ರಲ್ಲಿ ಅವರು ಸುಮಾರು 60 ಲಕ್ಷವಿದ್ದರು, 1999ರಲ್ಲಿ 1.3 ಕೋಟಿ, 2014ರಲ್ಲಿ 3 ಕೋಟಿ. ದೊಡ್ಡ ಕಂಪನಿಗಳ ಗಣಿಗಳಲ್ಲಿ ಕೆಲಸ ಮಾಡುವವರು 2013ರ ಲೆಕ್ಕದಲ್ಲಿ ಸುಮಾರು 70 ಲಕ್ಷ ಮಾತ್ರ. ಗಣಿ ಕಾರ್ಮಿಕ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಹೆಲ್ಮೆಟ್, ಬೂಟು, ತಲೆದೀಪದ ಆ ಮನುಷ್ಯ ಅಲ್ಪಸಂಖ್ಯಾತ. ಬಹುಸಂಖ್ಯಾತರು ಹವಾಯಿ ಚಪ್ಪಲಿಯವರು, ಅವರಲ್ಲಿ ದೊಡ್ಡ ಪಾಲು ಹೆಂಗಸರು.

ಇವರೆಲ್ಲ ಏನು ತೆಗೆಯುತ್ತಾರೆ? ಚಿನ್ನ ಎಂದರೆ ತಕ್ಷಣ ಕಿವಿ ನೆಟ್ಟಗಾಗುತ್ತದೆ, ದೇಣಿಗೆದಾರರದ್ದೂ ಹೌದು, ಪತ್ರಕರ್ತರದ್ದೂ ಹೌದು. ಚಿನ್ನದಲ್ಲಿ ಕಥೆಯಿದೆ, ಅಪಾಯವಿದೆ. ಅದುರಿನ ಪುಡಿಗೆ ಪಾದರಸ ಬೆರೆಸಿ, ಚಿನ್ನವನ್ನು ಅದಕ್ಕೆ ಅಂಟಿಸಿ, ಬಟ್ಟೆಯಲ್ಲಿ ಹಿಂಡಿ, ಉಳಿದ ಗಟ್ಟಿಯನ್ನು ಬೆಂಕಿಗೆ ಹಿಡಿದರೆ ಪಾದರಸ ಹಬೆಯಾಗಿ ಹಾರಿಹೋಗುತ್ತದೆ, ಚಿನ್ನ ಉಳಿಯುತ್ತದೆ. ಹಬೆ ಹೋಗುವುದು ಮೂಗಿನೊಳಕ್ಕೆ, ಬಾವಿಗೆ, ಮೀನಿಗೆ. ಮನುಷ್ಯರಿಂದ ವಾತಾವರಣಕ್ಕೆ ಸೇರುವ ಪಾದರಸದ ಅತಿ ದೊಡ್ಡ ಮೂಲ ಕಲ್ಲಿದ್ದಲಲ್ಲ, ಈ ಕೈಗಸುಬಿನ ಚಿನ್ನ. ಅದಕ್ಕಾಗಿಯೇ 2013ರಲ್ಲಿ ಜಪಾನಿನಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂದ, ಪಾದರಸಕ್ಕೆ ಕಡಿವಾಣ ಹಾಕುವ ಮಿನಮಾಟ ಒಪ್ಪಂದದಲ್ಲಿ ಈ ಗಣಿಗಾರಿಕೆಗೆಂದೇ ಒಂದು ವಿಧಿಯಿದೆ. ಇದನ್ನೆಲ್ಲ ಬರೆಯುವುದು ಸುಲಭ. ಬೆಂಕಿ, ಹೊಗೆ, ಬಂಗಾರದ ಮಣಿ ಮೂರೂ ಒಂದೇ ಫೋಟೊದಲ್ಲಿ ಬರುತ್ತವೆ.

ನನಗೆ ಸಿಕ್ಕಿದ್ದು ಚಿನ್ನವಲ್ಲ, ಜಲ್ಲಿ.

ಜಲ್ಲಿ, ಮರಳು, ಇಟ್ಟಿಗೆ ಮಣ್ಣು, ಸುಣ್ಣದ ಕಲ್ಲು, ಉಪ್ಪು. ಇವುಗಳನ್ನು ಅಂತರರಾಷ್ಟ್ರೀಯ ಸಂಸ್ಥೆಗಳ ಭಾಷೆಯಲ್ಲಿ ಹಿಂದೆ "ಕಡಿಮೆ ಬೆಲೆಯ ಖನಿಜಗಳು" ಎನ್ನುತ್ತಿದ್ದರು. ಕೆಲವು ವರ್ಷಗಳ ಹಿಂದೆ ಆಫ್ರಿಕಾ, ಕೆರಿಬಿಯನ್ ಮತ್ತು ಪೆಸಿಫಿಕ್ ದೇಶಗಳ ಒಕ್ಕೂಟ, ಐರೋಪ್ಯ ಒಕ್ಕೂಟ ಹಾಗೂ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಸೇರಿ ಇವುಗಳಿಗೆಂದೇ ಒಂದು ಯೋಜನೆ ಮಾಡಿದವು. ಕ್ಯಾಮರೂನ್, ಗಿನಿ, ಉಗಾಂಡಾ, ಜಾಂಬಿಯಾ, ಜಮೈಕಾ, ಫಿಜಿ ಈ ಆರು ದೇಶಗಳಲ್ಲಿ ಹೆಚ್ಚಿನ ಕೆಲಸ. ಆ ಯೋಜನೆಯ ಕೆಲಸಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದು ಈ ವಸ್ತುಗಳ ಹೆಸರು ಬದಲಿಸಿದ್ದು. ಕಡಿಮೆ ಬೆಲೆಯ ಖನಿಜಗಳು "ಅಭಿವೃದ್ಧಿ ಖನಿಜಗಳು" ಆದವು. ಹೆಸರು ಬದಲಿಸಿದರೆ ಹೊಟ್ಟೆ ತುಂಬುತ್ತದೆಯೇ ಎಂದು ನೀವು ಕೇಳಬಹುದು, ನಾನೂ ಕೇಳಿದ್ದೆ. ಆದರೆ ತರ್ಕ ಸರಿಯಾಗಿದೆ. ಒಂದು ಟನ್ ಜಲ್ಲಿಗೆ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ, ನಿಜ. ಆದರೆ ಆ ಟನ್ ಜಲ್ಲಿ ದೇಶ ಬಿಟ್ಟು ಹೋಗುವುದಿಲ್ಲ. ಅಲ್ಲೇ ಶಾಲೆಯಾಗುತ್ತದೆ, ರಸ್ತೆಯಾಗುತ್ತದೆ, ಆಸ್ಪತ್ರೆಯ ಮೆಟ್ಟಿಲಾಗುತ್ತದೆ. ಚಿನ್ನವಾದರೋ ವಿಮಾನ ಹತ್ತುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಲ್ಲಿ ಜಗತ್ತು ವರ್ಷಕ್ಕೆ ಬಳಸುವ ಮರಳು ಮತ್ತು ಜಲ್ಲಿ 5,000 ಕೋಟಿ ಟನ್. ಅದರಲ್ಲಿ ಎಷ್ಟನ್ನು ಸುತ್ತಿಗೆ ಹಿಡಿದ ಕೈ ಒಡೆದದ್ದು ಎಂಬುದು ಯಾವ ವರದಿಯಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ.

ಹೆಸರಿನ ಮಾತು ಬಂದದ್ದರಿಂದ ಒಂದು ಅಡ್ಡದಾರಿ. ಉಗಾಂಡಾದ ಸಂವಿಧಾನದ 244ನೇ ವಿಧಿ ಖನಿಜಗಳ ಬಗ್ಗೆ ಇರುವುದು. ಅದರಲ್ಲಿ ಒಂದು ಪುಟ್ಟ ಉಪವಿಧಿ: ಖನಿಜ ಎಂಬ ಪದದಲ್ಲಿ ಜೇಡಿಮಣ್ಣು, ಮುರಂ, ಮರಳು ಮತ್ತು ಕಟ್ಟಡಕ್ಕೆ ಸಾಮಾನ್ಯವಾಗಿ ಬಳಸುವ ಕಲ್ಲು ಸೇರುವುದಿಲ್ಲ. ಮುರಂ! ನಾವು ರಸ್ತೆಗೆ ಹಾಕುವ ಮುರಂ ಎಂಬ ಪದವೇ ಆ ಸಂವಿಧಾನದಲ್ಲಿ ಕುಳಿತಿದೆ. ಅದನ್ನು ಓದಿದ ದಿನ ನನಗೆ ಊರಿನ ಗುತ್ತಿಗೆದಾರರೊಬ್ಬರನ್ನು ಕಂಡಂತಾಯಿತು. ವಿಷಯ ನಗುವಂಥದ್ದಲ್ಲ. ಕಲ್ಲು ಖನಿಜವೇ ಅಲ್ಲ ಎಂದ ಮೇಲೆ ಅದನ್ನು ಒಡೆಯುವವಳು ಗಣಿಗಾರಳಲ್ಲ, ಗಣಿ ಇಲಾಖೆಗೆ ಅವಳು ಕಾಣಿಸುತ್ತಿರಲಿಲ್ಲ, ಅವಳಿಗೆ ಕೊಡಲು ಯಾವ ಪರವಾನಗಿಯೂ ಇರಲಿಲ್ಲ. 2022ರಲ್ಲಿ ಅಲ್ಲಿ ಹೊಸ ಗಣಿ ಕಾಯಿದೆ ಬಂದು, ಕೈಗಸುಬಿನ ಗಣಿಗಾರರಿಗೆ ಪ್ರತ್ಯೇಕ ಪರವಾನಗಿಯ ದಾರಿಯಾಗಿದೆ. ನಾನಿದ್ದಾಗ ಅದು ಬರೀ ಕರಡು, ಕಾರ್ಯಾಗಾರಗಳಲ್ಲಿ ಚಹಾದ ಜೊತೆ ಹಂಚುತ್ತಿದ್ದದ್ದು.

ನಮ್ಮಲ್ಲೇನು ಕಡಿಮೆಯಿಲ್ಲ. 1957ರ ನಮ್ಮ ಗಣಿ ಕಾಯಿದೆ ಕಟ್ಟಡದ ಕಲ್ಲು, ಜಲ್ಲಿ, ಸಾಮಾನ್ಯ ಮಣ್ಣು, ಮರಳುಗಳನ್ನು ಉಪ ಖನಿಜ ಎಂದು ಕರೆದು ರಾಜ್ಯಗಳ ಕೈಗೆ ಕೊಟ್ಟಿದೆ. ಉಪ ಎಂದರೆ ಗೊತ್ತಲ್ಲ, ಉಪಕಥೆ, ಉಪಾಹಾರ. ಇಲ್ಲೇ ಪಕ್ಕದ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದರು. 19ನೇ ಶತಮಾನದ ಬ್ರಿಟಿಷ್ ಅಧಿಕಾರಿಗಳ ಬರಹಗಳಲ್ಲಿ ಅವರ ಪ್ರಸ್ತಾಪವಿದೆ. ನಮ್ಮ ಮನೆಗಳಲ್ಲಿ ಅಕ್ಕಿಯೊಳಗಿನ ಕಲ್ಲು ಬೇರೆ ಮಾಡಲು ನೀರಿನಲ್ಲಿ ಜಾಲಿಸುತ್ತಿದ್ದರಲ್ಲ, ಅದೇ ಕ್ರಿಯೆ, ಅಕ್ಕಿಯ ಬದಲು ಚಿನ್ನ. ಅಧಿಕಾರಿಗಳು ಅವರನ್ನು ಒಂದು ಜಾತಿಯೆಂದು ಬರೆದುಕೊಂಡರು. ಕಂಪನಿಗಳು ಬಂದಾಗ ಗಣಿಗಾರರು ಎಂಬ ಹೆಸರು ಕಂಪನಿಗಳದಾಯಿತು.

ಕಿರೇಕಾಗೆ ಹೋಗೋಣ. ಕಂಪಾಲಾದ ಪೂರ್ವ ಅಂಚಿನಲ್ಲಿ ಒಂದು ಗುಡ್ಡ, ಅದರ ಬುಡದಲ್ಲಿ ಅಚೋಲಿ ಕ್ವಾರ್ಟರ್ ಎಂಬ ವಸತಿ. ಅಚೋಲಿಗಳು ಉತ್ತರ ಉಗಾಂಡಾದ ಜನ. 1980ರ ದಶಕದ ಕೊನೆಯಿಂದ ಸುಮಾರು ಇಪ್ಪತ್ತು ವರ್ಷ ಅಲ್ಲಿ ಬಂಡುಕೋರ ನಾಯಕ ಜೋಸೆಫ್ ಕೋನಿಯ ಪಡೆಗೂ ಸರ್ಕಾರಕ್ಕೂ ನಡೆದ ಯುದ್ಧದಲ್ಲಿ ಒಂದು ಹಂತದಲ್ಲಿ ಹದಿನೆಂಟು ಲಕ್ಷದಷ್ಟು ಜನ ಮನೆಮಠ ಬಿಟ್ಟಿದ್ದರು. ಕೆಲವರು ಮಕ್ಕಳನ್ನು ಕಟ್ಟಿಕೊಂಡು ರಾಜಧಾನಿಯವರೆಗೂ ಬಂದರು. ಹೊಲವಿಲ್ಲ, ರಾಜಧಾನಿಯ ಭಾಷೆ ಬರುವುದಿಲ್ಲ. ಗುಡ್ಡವಿತ್ತು. ಗುಡ್ಡದಲ್ಲಿ ಕಲ್ಲಿತ್ತು.

ಕೆಲಸ ಹೀಗೆ. ಗಂಡಸರು ಬಂಡೆಯ ಮೇಲೆ ಕಟ್ಟಿಗೆಯನ್ನೋ ಹಳೆಯ ಟೈರನ್ನೋ ಉರಿಸುತ್ತಾರೆ. ಕಾದ ಬಂಡೆ ಸೀಳು ಬಿಡುತ್ತದೆ. ಚಾಣ, ಹಾರೆ, ದೊಡ್ಡ ಸುತ್ತಿಗೆಯಿಂದ ಅದನ್ನು ಎಬ್ಬಿಸಿ ಗುಂಡು ಗುಂಡು ತುಂಡು ಮಾಡುತ್ತಾರೆ. ಅಲ್ಲಿಂದ ಮುಂದಿನದು ಹೆಂಗಸರದು. ತುಂಡುಗಳನ್ನು ತಲೆಯ ಮೇಲೆ ಹೊತ್ತು ತಮ್ಮ ತಮ್ಮ ಜಾಗಕ್ಕೆ ತರುತ್ತಾರೆ. ಜಾಗ ಎಂದರೆ ಒಂದು ಚಪ್ಪಟೆ ಕಲ್ಲು, ಮೇಲೆ ನಾಲ್ಕು ಕೋಲಿಗೆ ಕಟ್ಟಿದ ಹರಿದ ಪ್ಲಾಸ್ಟಿಕ್ ಹಾಳೆ. ಎಡಗೈಯಲ್ಲಿ ಟೈರಿನ ಪಟ್ಟಿಯನ್ನು ಸುತ್ತಿ ಮಾಡಿದ ಒಂದು ಬಳೆ. ಆ ಬಳೆಯೊಳಗೆ ಕಲ್ಲಿನ ತುಂಡು. ಬಳೆ ಇಲ್ಲದಿದ್ದರೆ ಏಟಿಗೆ ಕಲ್ಲು ಚಿಮ್ಮಿ ಕಣ್ಣಿಗೆ ಬೀಳುತ್ತದೆ, ಇಲ್ಲವೇ ಏಟು ಬೆರಳಿಗೆ ಬೀಳುತ್ತದೆ. ಬೆರಳುಗಳಿಗೆ ಸೈಕಲ್ ಟ್ಯೂಬಿನ ಚೂರು ಸುತ್ತಿರುತ್ತಾರೆ. ಟಕ್ ಟಕ್ ಟಕ್. ಮೂರನೆಯ ಏಟಿಗೆ ಒಡೆಯುತ್ತದೆ, ಅನುಭವಸ್ಥರಿಗೆ ಎರಡನೆಯದಕ್ಕೇ. ನಾನೂ ಸುತ್ತಿಗೆ ಹಿಡಿದೆ. ಹತ್ತು ಏಟಿಗೂ ಒಡೆಯದೆ, ಹನ್ನೊಂದನೆಯದು ನನ್ನ ಹೆಬ್ಬೆರಳಿಗೆ ಬಿತ್ತು. ಅವರ ನಗು ಇನ್ನೂ ಕಿವಿಯಲ್ಲಿದೆ. ಕಲ್ಲಿಗೆ ನರವಿರುತ್ತದೆ, ಅದನ್ನು ನೋಡಿ ಹೊಡೆಯಬೇಕು ಎಂದು ಒಬ್ಬ ಅಜ್ಜಿ ತಮ್ಮ ಬೆರಳಿನಿಂದ ಕಲ್ಲಿನ ಮೇಲೆ ಒಂದು ಗೆರೆ ತೋರಿಸಿದರು. ನನಗೆ ಅಲ್ಲಿ ಗೆರೆ ಕಾಣಲಿಲ್ಲ.

ಅಳತೆಗೆ ಇಪ್ಪತ್ತು ಲೀಟರಿನ ಹಳದಿ ಜೆರಿಕ್ಯಾನ್, ಮೇಲ್ಭಾಗ ಕತ್ತರಿಸಿದ್ದು. ಪೂರ್ವ ಆಫ್ರಿಕಾದ ಬೇರೆ ಕಡೆ ಇದೇ ಅಳತೆಗೆ "ದೆಬೆ" ಎನ್ನುತ್ತಾರೆ. ಗುಜರಾತಿ ವ್ಯಾಪಾರಿಗಳ ಜೊತೆ ಹಡಗು ಹತ್ತಿದ ನಮ್ಮ ಡಬ್ಬವೇ ಅದು. ಕೊಳ್ಳುವವನು ಜೆರಿಕ್ಯಾನನ್ನು ತುಂಬಿಸಿ, ಕುಲುಕಿ, ತಗ್ಗಿದ್ದಕ್ಕೆ ಮತ್ತೆ ತುಂಬಿಸಿ, ಮೇಲೆ ಗೋಪುರ ಕಟ್ಟಿಸುತ್ತಾನೆ. ಸಂತೆಯಲ್ಲಿ ಸೇರು ಅಳೆಯುವುದನ್ನು ಕಂಡವರಿಗೆ ಈ ವಿದ್ಯೆ ಹೊಸದಲ್ಲ. ಕೆಲವರ ಜೆರಿಕ್ಯಾನ್ ಹೊಟ್ಟೆ ಉಬ್ಬಿಕೊಂಡಿರುತ್ತದೆ, ಕಾಯಿಸಿ ಹಿಗ್ಗಿಸಿದ್ದು. ಅಂಥ ಒಂದು ಜೆರಿಕ್ಯಾನಿಗೆ ಸಿಗುವ ಹಣದಲ್ಲಿ ರಸ್ತೆ ಬದಿಯ ಒಂದು ಚಪಾತಿಯೂ ಬರುತ್ತಿರಲಿಲ್ಲ. (ಹೌದು, ಚಪಾತಿಯೇ. ಅದೂ ಹಡಗು ಹತ್ತಿ ಹೋದದ್ದೇ.)

ಇದೇ ಗುಡ್ಡದ ಒಂದು ಸಂಗತಿಯನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. 2005ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಕತ್ರೀನಾ ಚಂಡಮಾರುತ ಮುಳುಗಿಸಿತು. ಕಿರೇಕಾದ ಕಲ್ಲೊಡೆಯುವ ಹೆಂಗಸರು ಅದನ್ನು ಕೇಳಿ, ತಮ್ಮ ಜಲ್ಲಿಯ ದುಡ್ಡಿನಲ್ಲಿ ಸುಮಾರು 900 ಡಾಲರ್ ಕೂಡಿಸಿ ಕಳಿಸಿದರು. ಮನೆ ಕಳೆದುಕೊಳ್ಳುವುದು ಏನೆಂದು ಅವರಿಗೆ ಗೊತ್ತಿತ್ತು. ಆ ಸುದ್ದಿ ಜಗತ್ತನ್ನು ಸುತ್ತಿತು. ನಮ್ಮಂಥ ಸಂವಹನದವರು ಆರು ತಿಂಗಳು ಬೆವರು ಸುರಿಸಿದರೂ ಅದರ ಹತ್ತರಲ್ಲೊಂದು ಪಾಲು ದೂರ ನಮ್ಮ ಮಾತು ಹೋಗುವುದಿಲ್ಲ.

ಈಗ ನನ್ನ ತಪ್ಪು. ಕಲ್ಲಿನ ದೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್. ನಮ್ಮ ದೇಶದಲ್ಲಿ ಆ ರೋಗ ಮೊದಲು ದಾಖಲಾದದ್ದೇ ಕೋಲಾರದ ಚಿನ್ನದ ಗಣಿಗಳಿಂದ. ಒದ್ದೆ ಬಟ್ಟೆ ಕಟ್ಟಿಕೊಳ್ಳಿ, ಕಲ್ಲಿಗೆ ನೀರು ಚಿಮುಕಿಸಿ, ಗಾಳಿಗೆ ಬೆನ್ನು ಮಾಡಿ ಕುಳಿತುಕೊಳ್ಳಿ ಎಂದು ಹೇಳುವ ಒಂದು ಕರಪತ್ರ ಮಾಡಬೇಕಿತ್ತು. ಅರ್ಜಿಯಲ್ಲಿ "ಸ್ಥಳೀಯ ಭಾಷೆ" ಎಂಬ ಖಾನೆ. ಕಂಪಾಲಾದ ಭಾಷೆ ಲುಗಾಂಡಾ, ನಾನು ಲುಗಾಂಡಾ ಎಂದು ತುಂಬಿದೆ. ಮೂವರು ಸಹಿ ಹಾಕಿದರು. ಬಣ್ಣದ ಮುದ್ರಣ, ದಪ್ಪ ಕಾಗದ, ಸಾವಿರ ಪ್ರತಿ. ಹಂಚಿದೆವು. ಹಂಚುವಾಗ ಫೋಟೊ ತೆಗೆದೆವು.

ಎರಡು ವಾರ ಬಿಟ್ಟು ಮತ್ತೆ ಗುಡ್ಡಕ್ಕೆ ಹೋದಾಗ, ದಾರಿಯಲ್ಲಿ ಹುರಿದ ಶೇಂಗಾ ಕೊಂಡೆ. ಪೊಟ್ಟಣದ ಮೇಲೆ ನಮ್ಮ ಲಾಂಛನ. ಸುತ್ತಲೂ ಬಿಡಬೇಕಾದ ಖಾಲಿ ಜಾಗ ಕೈಪಿಡಿಯಲ್ಲಿ ಹೇಳಿದಷ್ಟೇ ಇತ್ತು.

ಆ ಹೆಂಗಸರ ಭಾಷೆ ಅಚೋಲಿ. ಲುಗಾಂಡಾಕ್ಕೂ ಅದಕ್ಕೂ ಕನ್ನಡಕ್ಕೂ ಕಾಶ್ಮೀರಿಗೂ ಇರುವಷ್ಟು ದೂರ, ಕುಲವೇ ಬೇರೆ. ಅದರಲ್ಲೂ ಓದಲು ಬರುವವರು ಕೆಲವರು ಮಾತ್ರ. ಸುಳಿವು ನನಗೆ ಮೊದಲ ದಿನವೇ ಸಿಕ್ಕಿತ್ತು. ಚಾಲಕ ಹೇಳಿಕೊಟ್ಟ ಲುಗಾಂಡಾದ "ಜೆಬಲೆ ಕೊ" ಎಂಬ ವಂದನೆಯನ್ನು ನಾನು ಜೋರಾಗಿ ಕೂಗಿದ್ದೆ. ಕೆಲಸದಲ್ಲಿರುವವರಿಗೆ ಹೇಳುವ ಚೆಂದದ ಮಾತದು, ನಿಮ್ಮ ದುಡಿಮೆಗೆ ವಂದನೆ ಎಂಬ ಹಾಗೆ. ಅವರು ಮುಗುಳ್ನಕ್ಕು "ಅಪ್ವೊಯೊ" ಎಂದಿದ್ದರು. ಅದು ಅಚೋಲಿ. ನಾನು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದೂ ಇಟ್ಟುಕೊಂಡಿದ್ದೆ, ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ. ಸಂವಹನದ ಮನುಷ್ಯ ಕಿವಿಯಲ್ಲಿ ಕೇಳಿದ್ದನ್ನು ಕೈಯಲ್ಲಿ ಬರೆದೂ ತಲೆಗೆ ತೆಗೆದುಕೊಳ್ಳದೇ ಇರಬಹುದು ಎಂಬುದಕ್ಕೆ ಆ ಪುಟವನ್ನು ಇನ್ನೂ ಹಾಗೆಯೇ ಇಟ್ಟುಕೊಂಡಿದ್ದೇನೆ.

ತಿದ್ದಿಕೊಳ್ಳುವ ದಾರಿ ಕಚೇರಿಯಲ್ಲಿ ಸಿಗಲಿಲ್ಲ, ಕಂಬದ ಮೇಲಿತ್ತು. ಕಂಪಾಲಾದ ಬಡ ಬಡಾವಣೆಗಳಲ್ಲಿ ಎತ್ತರದ ಕಂಬಕ್ಕೆ ಕಟ್ಟಿದ ಧ್ವನಿವರ್ಧಕಗಳಿರುತ್ತವೆ, ಅವುಗಳಿಗೆ ಕಿಜಿಂದಾಲೊ ಎನ್ನುತ್ತಾರೆ. ಕೆಳಗೆ ಒಂದು ಪುಟ್ಟ ಕೋಣೆ, ಮೈಕು, ಒಬ್ಬ ಹುಡುಗ. ಕಳೆದುಹೋದ ಮಗು, ಸತ್ತವರ ಸುದ್ದಿ, ಲಸಿಕೆಯ ದಿನ, ಬೀದಿಯ ತಂಟೆ, ಎಲ್ಲ ಅದರಲ್ಲಿ. ಅಲ್ಪ ಹಣ ಕೊಟ್ಟರೆ ನಿಮ್ಮ ಮಾತೂ ಬರುತ್ತದೆ. ವಸತಿಯದೇ ಒಬ್ಬ ಯುವತಿಯಿಂದ ದೂಳಿನ ವಿಷಯವನ್ನು ಅಚೋಲಿಯಲ್ಲಿ ಹೇಳಿಸಿದೆವು. ಜನ ಕೇಳಿದರು. ಕೇಳಿದ ಮೇಲೆ ಆ ಅಜ್ಜಿ ನನ್ನನ್ನು ಕರೆದು ಒಂದು ಮಾತು ಹೇಳಿದರು. ಯುವತಿ ಅನುವಾದಿಸಿದಳು: "ದೂಳು ನಮಗೆ ಗೊತ್ತು. ನಮಗೆ ಗೊತ್ತಿಲ್ಲದ್ದನ್ನು ಹೇಳಿ. ಈ ಜಲ್ಲಿಯನ್ನು ಅವರು ಅಲ್ಲಿ ಎಷ್ಟಕ್ಕೆ ಮಾರುತ್ತಾರೆ?"

ನಾನು ಆ ಪ್ರಶ್ನೆಯನ್ನು ಕಚೇರಿಗೆ ಒಯ್ದೆ. ಬೆಲೆ ವಿಚಾರಿಸುವುದು ನಮ್ಮ ಯೋಜನಾ ಪಟ್ಟಿಯಲ್ಲಿ ಇರಲಿಲ್ಲ. ಬೇಡ ಎಂದು ಯಾರೂ ಹೇಳಲಿಲ್ಲ, ಮಾಡು ಎಂದೂ ಹೇಳಲಿಲ್ಲ. ಶನಿವಾರಗಳಲ್ಲಿ ಬೋಡಾ ಬೋಡಾ ಹತ್ತಿ, ಅಂದರೆ ಬಾಡಿಗೆ ಬೈಕು, ಕಟ್ಟಡದ ಸಾಮಾನಿನ ಅಂಗಡಿಗಳನ್ನೂ ಕಟ್ಟುತ್ತಿರುವ ಮನೆಗಳನ್ನೂ ಸುತ್ತಿದೆ. ಇಲ್ಲಿ ನನ್ನ ಬಣ್ಣ ಕೆಲಸಕ್ಕೆ ಬಂತು. ಅಲ್ಲಿ ಭಾರತೀಯರನ್ನು ಮುಯಿಂದಿ ಎನ್ನುತ್ತಾರೆ, ಮುಯಿಂದಿ ಎಂದರೆ ಅಂಗಡಿಯವನು ಅಥವಾ ಕಟ್ಟಡ ಕಟ್ಟಿಸುವವನು ಎಂದೇ ಲೆಕ್ಕ. ಕೇಳುವ ಮೊದಲೇ ದರ ಹೇಳುತ್ತಿದ್ದರು. ನಾವು ಲೋಡು, ಬ್ರಾಸು ಎನ್ನುವಂತೆ ಅವರು ಎಲ್ಫ್, ಫಾರ್ವರ್ಡ್ ಎನ್ನುತ್ತಾರೆ. ಎರಡೂ ಲಾರಿಗಳ ಹೆಸರು, ಅವೇ ಅಳತೆಯೂ ಹೌದು. ಒಂದು ಎಲ್ಫ್ ಅರ್ಧ ಇಂಚಿನ ಜಲ್ಲಿ ಇಷ್ಟು, ಮುಕ್ಕಾಲು ಇಂಚಿನದು ಇಷ್ಟು. ಒಂದು ಎಲ್ಫಿಗೆ ಎಷ್ಟು ಜೆರಿಕ್ಯಾನ್ ಎಂದು ಗುಡ್ಡದಲ್ಲಿ ತುಂಬಿಸುವಾಗ ನಿಂತು ಎಣಿಸಿದೆ, ಹೆಚ್ಚುಕಡಿಮೆ ನೂರು. ಭಾಗಾಕಾರ ಮಾಡಿದಾಗ ಬಂದ ಮೊತ್ತ ಹೆಂಗಸರಿಗೆ ಸಿಗುತ್ತಿದ್ದುದರ ಹಲವು ಪಟ್ಟು. ಎಲ್ಲ ದಲ್ಲಾಳಿಯ ಲಾಭವಲ್ಲ. ಲಾರಿ ಬಾಡಿಗೆ, ಡೀಸೆಲ್, ಗುಡ್ಡದ ಜಾಗದ ಒಡೆಯನಿಗೆ ಕೊಡುವುದು, ದಾರಿಯಲ್ಲಿ ಕೈ ಚಾಚುವವರಿಗೆ ಕೊಡುವುದು, ಇವೆಲ್ಲ ಇದ್ದವು. ಆದರೂ.

ಪ್ರತಿ ಭಾನುವಾರ ಸಂಜೆ ಕಂಬದ ಮೇಲಿಂದ ಅಚೋಲಿಯಲ್ಲಿ ದರ ಬಂತು. ಮೊದಲ ವಾರ ಯಾರೂ ಏನೂ ಮಾಡಲಿಲ್ಲ. ಎರಡನೆಯ ವಾರ ಏಳೆಂಟು ಹೆಂಗಸರು ಒಟ್ಟಾಗಿ ಗೋಪುರ ಕಟ್ಟಿ ಅಳೆಯಲು ಒಪ್ಪಲಿಲ್ಲ, ಜೆರಿಕ್ಯಾನಿನ ಬಾಯಿಯ ಮಟ್ಟಕ್ಕೆ ಅಂಗೈ ಸವರಿ ಇಷ್ಟೇ ಎಂದರು. ದರ ಏರಲಿಲ್ಲ, ಗೋಪುರ ಹೋಯಿತು. ಅದು ಎಷ್ಟಾಗುತ್ತದೆ ಎಂದು ನೀವು ಮನೆಯಲ್ಲಿ ಒಂದು ಸೇರು ಅಕ್ಕಿ ತೆಗೆದುಕೊಂಡು ನೋಡಬಹುದು. ನಾಲ್ಕನೆಯ ವಾರ ಮೈಕಿನ ಹುಡುಗ ಇನ್ನು ಬೇಡ ಎಂದ. ಯಾರು ಏನು ಹೇಳಿದರೋ, ಕೊಟ್ಟರೋ, ಹೆದರಿಸಿದರೋ ಗೊತ್ತಾಗಲಿಲ್ಲ. ಹಣ ಹೆಚ್ಚು ಕೊಡುತ್ತೇನೆಂದರೂ ತಲೆಯೆತ್ತಿ ನೋಡಲಿಲ್ಲ. ನನ್ನ ಅವಧಿ ಮುಗಿಯಲು ಐದು ವಾರ ಉಳಿದಿತ್ತು. ಅವನು ಅಲ್ಲೇ ಬದುಕಬೇಕಾದವನು, ನಾನು ಒತ್ತಾಯಿಸಲಿಲ್ಲ. ಅಂತಿಮ ವರದಿಯಲ್ಲಿ ಕರಪತ್ರದ ಸಾವಿರ ಪ್ರತಿಗಳು ಹಂಚಿಕೆಯಾದ ಲೆಕ್ಕವಿದೆ. ಕಂಬದ ವಿಷಯ ಇಲ್ಲ, ಏಕೆಂದರೆ ಅದಕ್ಕೆ ಖಾನೆಯಿರಲಿಲ್ಲ. ಬರೆಯಬೇಕಾದವನು ನಾನೇ ಆಗಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ನೀವು ಪತ್ರಕರ್ತರಾಗುವವರು, ಒಂದು ಪ್ರಶ್ನೆ ಕೇಳುತ್ತೇನೆ. ನಮ್ಮ ಪತ್ರಿಕೆಗಳಲ್ಲಿ ಕಲ್ಲು ಕ್ವಾರಿಯ ಸುದ್ದಿ ಯಾವಾಗ ಬರುತ್ತದೆ? 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟವಾಯಿತು, ಬಂತು. ಮರುತಿಂಗಳು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಸ್ಫೋಟವಾಯಿತು, ಬಂತು. ಸತ್ತವರನ್ನು ಎಣಿಸಿದೆವು, ಅಕ್ರಮ ಎಂದು ಬರೆದೆವು, ಅಲ್ಲಿಗೆ ಮುಗಿಯಿತು. ಸ್ಫೋಟವಿಲ್ಲದ ದಿನ ಒಂದು ಲೋಡು ಜಲ್ಲಿಗೆ ಒಡೆಯುವವನಿಗೆ ಎಷ್ಟು, ಸಾಗಿಸುವವನಿಗೆ ಎಷ್ಟು, ಪರ್ಮಿಟ್ ಕಾಗದಕ್ಕೆ ಎಷ್ಟು ಎಂದು ಯಾರಾದರೂ ಬರೆದದ್ದು ನನ್ನ ನೆನಪಿನಲ್ಲಿಲ್ಲ. ಬೆಳೆಯ ದರ ದಿನವೂ ಅಚ್ಚಾಗುತ್ತದೆ, ಚಿನ್ನದ ದರ ಮೊದಲ ಪುಟದಲ್ಲಿ. ಜಲ್ಲಿಯ ದರ ಕೇಳಲು ಗದಗಿನಿಂದ ಕಂಪಾಲಾಕ್ಕೆ ಹೋಗಬೇಕಾಗಿಲ್ಲ.

ಕೊನೆಗೆ ಫೋಟೊದ ವಿಷಯ. ಯಾರೋ ಬಿಡುವಿನಲ್ಲಿ ಕೇಳಿದರು, ಇಂಟರ್ನ್ ಆಗಿ ನೀವು ಮಾಡಿದ್ದರಲ್ಲಿ ಉಳಿದದ್ದು ಏನು ಎಂದು. ಒಂದು ಫೋಟೊ ಉಳಿದಿದೆ. ಆ ಅಜ್ಜಿ ಸುತ್ತಿಗೆ ಎತ್ತಿದ್ದಾರೆ, ಬೆಳಕು ಓರೆಯಾಗಿ ಬಿದ್ದಿದೆ, ಹಿಂದೆ ಗುಡ್ಡ. ಅದು ಮುಂದಿನ ವರ್ಷದ ಕ್ಯಾಲೆಂಡರಿಗೆ ಹೋಯಿತು, ಎರಡು ವರದಿಗಳ ಮುಖಪುಟವಾಯಿತು. ನಾನು ತೆಗೆದ ಮೂಲ ಚಿತ್ರದ ಎಡ ಅಂಚಿನಲ್ಲಿ ಒಂದು ಪುಟ್ಟ ಕೈಯಿತ್ತು. ಒಡೆದ ಚೂರುಗಳನ್ನು ಬಳಿದು ಗುಡ್ಡೆ ಮಾಡುತ್ತಿದ್ದ ಅವರ ಮೊಮ್ಮಗನದು. ಅಂದು ಶನಿವಾರ, ಶಾಲೆ ಇರಲಿಲ್ಲ. ಅಪಾಯಕರ ಕೆಲಸದಲ್ಲಿರುವ ಮಗುವಿನ ಚಿತ್ರ ಬಳಸಬಾರದು ಎಂಬುದು ನಿಯಮ, ಕತ್ತರಿಸು ಎಂದರು, ಕತ್ತರಿಸಿದೆ. ನಿಯಮ ತಪ್ಪು ಎಂದು ಈಗಲೂ ನನಗೆ ಅನಿಸುವುದಿಲ್ಲ. ಆದರೆ ಕೈ ಹೋದ ಮೇಲೆ ಚಿತ್ರ ಬಹಳ ಚೆನ್ನಾಗಿ ಕಂಡಿತು, ಅದು ನನ್ನನ್ನು ಕಾಡಿತು. ಆ ಕೈ ಇದ್ದಿದ್ದರೆ ನೋಡಿದವರು ಶಾಲೆಯ ಫೀಸಿನ ಬಗ್ಗೆ ಕೇಳುತ್ತಿದ್ದರು. ಕೈ ಇಲ್ಲದ ಚಿತ್ರ ನೋಡಿ ಬೆಳಕಿನ ಬಗ್ಗೆ ಹೊಗಳಿದರು.

ಹೊರಡುವ ಹಿಂದಿನ ದಿನ ಚಿತ್ರದ ಒಂದು ಪ್ರತಿಯನ್ನು ಅಜ್ಜಿಗೆ ಒಯ್ದೆ. ಅಷ್ಟು ತಿಂಗಳು ಅಷ್ಟು ಫೋಟೊ ತೆಗೆದಿದ್ದರೂ ಅವರಿಗೆ ಒಂದನ್ನೂ ಕೊಟ್ಟಿರಲಿಲ್ಲ. ಅವರು ಕೈಯನ್ನು ಲಂಗಕ್ಕೆ ಒರೆಸಿಕೊಂಡು ಅದನ್ನು ಅಂಚಿನಲ್ಲಿ ಹಿಡಿದು ನೋಡಿದರು. ಆಮೇಲೆ ತಿರುಗಿಸಿ ಹಿಂಬದಿ ನೋಡಿದರು. ಮತ್ತೆ ಮುಂದೆ. ಯುವತಿಗೆ ಏನೋ ಹೇಳಿದರು.

"ಹುಡುಗ ಎಲ್ಲಿ ಎಂದು ಕೇಳುತ್ತಿದ್ದಾರೆ" ಎಂದಳು.

ಮೊಬೈಲಿನಲ್ಲಿ ಪೂರ್ತಿ ಚಿತ್ರವಿತ್ತು. ಕಿರೇಕಾ ಪೇಟೆಯ ಸ್ಟುಡಿಯೋ ಆರು ಗಂಟೆಗೆ ಮುಚ್ಚುತ್ತದೆ ಎಂದಳು ಯುವತಿ, ಬೋಡಾ ಹಿಡಿದರೆ ಸಿಗುತ್ತದೆ. ನಾನು ಎದ್ದಾಗ ಅಜ್ಜಿ ಎರಡು ಬೆರಳು ತೋರಿಸಿದರು. ಎರಡು ಪ್ರತಿ ಬೇಕಂತೆ, ಒಂದನ್ನು ಊರಿಗೆ ಕಳಿಸಬೇಕು.